240 ವ್ಯಾಟಿನ ಪೆಟ್ಟಿಗೆ



ಇಂದಿನ ವಿಷಯ ಮಲೆನಾಡಿನ ಸಭೆಗೆ ಎರಡು ಕಾರಣಗಳಿಂದ ಅಪರಿಚಿತವೆನಿಸಬಹುದು. ಅದು ಕಂಪ್ಯೂಟರಿನ ಒಡಲೊಳಗಿನ ಒಂದು ಬಿಡಿಭಾಗವನ್ನು ಕುರಿತದ್ದು ಎಂಬುದು ಒಂದು. ಅದರ ನೆಲೆ ಇಲ್ಲಿಂದ ಬಹುದೂರದ, ಮಳೆ ಕಡಿಮೆ ಬೀಳುವ, ಬೇಸಿಗೆಯಲ್ಲಿ 42–43 ಡಿಗ್ರಿ ಬಿಸಿಲು ಕಾಯುವ ಯಾದಗಿರಿ ಜಿಲ್ಲೆಯ ಕಡೇಚೂರು ಎಂಬುದು ಇನ್ನೊಂದು.

ಕಡೇಚೂರು ಮತ್ತು ಬಾಡಿಯಾಳ ಗ್ರಾಮಗಳ ಆಸುಪಾಸಿನ ಮೂರು ಸಾವಿರ ಎಕರೆಗೂ ಮಿಕ್ಕ ಭೂಮಿಯು 2010ರ ದಶಕದ ಮೊದಲ ವರ್ಷಗಳಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ವಶಕ್ಕೆ ಹೋಯಿತು. ತೊಗರಿ, ಹತ್ತಿ, ಜೋಳ ಬೆಳೆಯುತ್ತಿದ್ದ ಸೀಮೆಯಲ್ಲಿ ರೈಲ್ವೆಯ ಬೋಗಿ ಕಾರ್ಖಾನೆ ಎದ್ದಿತು. ಅದರ ಹಿಂದೆಯೇ ಔಷಧ ಮತ್ತು ರಾಸಾಯನಿಕ ಘಟಕಗಳೂ ಬಂದವು. ಅವುಗಳ ದುರ್ವಾಸನೆ ಮತ್ತು ತ್ಯಾಜ್ಯ ನೀರಿನ ಬಗ್ಗೆ ಸುತ್ತಲಿನ ಹಳ್ಳಿಗರು ಮತ್ತೆ ಮತ್ತೆ ದೂರಿದ್ದಾರೆ. ಅದು ಬೇರೆಯೇ ಒಂದು ಉಪನ್ಯಾಸದ ವಸ್ತು. ಅಣೆಕಟ್ಟುಗಳಿಗಾಗಿ ಗದ್ದೆ ತೋಟ ಬಿಟ್ಟುಕೊಟ್ಟ ಶರಾವತಿ ಕಣಿವೆಯ ಜನರಿಗೆ ಅಲ್ಲಿನವರ ಮನಸ್ಥಿತಿಯನ್ನು ವಿವರಿಸಿ ಹೇಳಬೇಕಾಗಿಲ್ಲ. ಭೂಮಿ ಕೊಟ್ಟ ಮನೆಯ ಮಕ್ಕಳಿಗೆ ಈಗ ಉಳಿದಿರುವ ದಾರಿ ಉದ್ಯೋಗ. ಉದ್ಯೋಗದ ಬಾಗಿಲಲ್ಲಿ ಕೇಳುವ ಪ್ರಶ್ನೆಯೋ ನಕ್ಷೆ ಓದಲು ಬರುತ್ತದೆಯೇ, ಕಂಪ್ಯೂಟರಿನಲ್ಲಿ ಯಂತ್ರಭಾಗದ ಮೂರು ಆಯಾಮದ ಚಿತ್ರ ಬರೆಯಲು ಬರುತ್ತದೆಯೇ ಎಂಬುದು.

ಅಂತಹ ಮನೆಯ ಒಬ್ಬ ಐಟಿಐ ಅಥವಾ ಡಿಪ್ಲೊಮಾ ವಿದ್ಯಾರ್ಥಿಯನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ಹೊಸ ಕಂಪ್ಯೂಟರು ಆ ಮನೆಗೆ ಎಟುಕುವುದಿಲ್ಲ. ಎಟುಕುವುದು ಕಚೇರಿಗಳಿಂದ ಹೊರಬಿದ್ದ ಹಳೆಯ ಯಂತ್ರ. ಇವುಗಳ ಪೂರೈಕೆಗೆ ಈಚೆಗೆ ಕೊರತೆಯಿಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ನಿಂತಿತು. ಇಂಟೆಲ್ ಸಂಸ್ಥೆಯ ಎಂಟನೆಯ ಪೀಳಿಗೆಗಿಂತ ಹಿಂದಿನ ಪ್ರೊಸೆಸರುಗಳಲ್ಲಿ ಬಹುಪಾಲು ಎಲ್ಲವೂ ವಿಂಡೋಸ್ 11ರ ಪಟ್ಟಿಯಿಂದ ಹೊರಗೆ ಉಳಿದವು. ಕೆಡದ ಯಂತ್ರಗಳು ಒಂದು ದಿನಾಂಕದ ಕಾರಣದಿಂದ ಗುಜರಿಯ ದಾರಿ ಹಿಡಿದವು. ಲಿನಕ್ಸ್ ಹಾಕಿದರೆ ಅವೇ ಯಂತ್ರಗಳು ಇನ್ನೂ ಹಲವು ವರ್ಷ ದುಡಿಯಬಲ್ಲವು. ಹೀಗೆ ಉಳಿಸಿಕೊಂಡ ಪ್ರತಿಯೊಂದು ಯಂತ್ರವೂ ಸೀಸ, ತಾಮ್ರ, ಪ್ಲಾಸ್ಟಿಕ್ಕುಗಳನ್ನು ಬಯಲಿನಲ್ಲಿ ಸುಡುವ ಅನಧಿಕೃತ ಗುಜರಿ ಕಸುಬಿನಿಂದ ಅಷ್ಟು ದಿನ ದೂರ ಉಳಿಯುತ್ತದೆ.

ತೊಡಕು ಇರುವುದು ಈ ಯಂತ್ರಗಳ ಹುಟ್ಟಿನಲ್ಲಿಯೇ. ಪತ್ರ ಬರೆಯುವುದಕ್ಕೆ, ಲೆಕ್ಕದ ಹಾಳೆ ತುಂಬುವುದಕ್ಕೆ ಕಂಪನಿಯೇ ಜೋಡಿಸಿ ಕಳುಹಿಸಿದ ಪೆಟ್ಟಿಗೆಗಳಿವು. ಕಿರಿದಾದ ಒಡಲು, ಸಣ್ಣ ಪಂಖ, 180, 240 ಅಥವಾ 290 ವ್ಯಾಟ್ ಸಾಮರ್ಥ್ಯದ ಪವರ್ ಸಪ್ಲೈ. ಚಿತ್ರ ಮೂಡಿಸುವ ಕೆಲಸವನ್ನು ಪ್ರೊಸೆಸರಿನೊಳಗಿನ ಪುಟ್ಟ ಭಾಗವೊಂದು ಮಾಡುತ್ತದೆ. ಮೂರು ಆಯಾಮದ ನಕ್ಷೆಯನ್ನು ತೆರೆದು ತಿರುಗಿಸತೊಡಗಿದಾಗ ಅದು ಏದುಸಿರು ಬಿಡುತ್ತದೆ. ಆಗ ಯಾರೋ ಒಬ್ಬರು ‘ಗ್ರಾಫಿಕ್ಸ್ ಕಾರ್ಡ್ ಹಾಕಿಸು’ ಎನ್ನುತ್ತಾರೆ. ದೊಡ್ಡ ಕಾರ್ಡು ತಂದು ಸಿಕ್ಕಿಸಿದ ಮೇಲೆ ಯಂತ್ರ ಏಳುವುದಿಲ್ಲ, ಅಥವಾ ಎದ್ದು ಕೆಲಸದ ನಡುವೆ ಆರಿಹೋಗುತ್ತದೆ. ಆ ಮನೆಯವರ ಮಟ್ಟಿಗೆ ಇದು ಒಂದು ಬೆಳೆ ಕೈಕೊಟ್ಟಷ್ಟೇ ನಷ್ಟ.

ಕೃಷಿ ವಿದ್ಯಾರ್ಥಿಗಳಿಗೆ ಲೀಬಿಗ್‌ನ ಕನಿಷ್ಠ ನಿಯಮ ಗೊತ್ತಿದೆ. ಹತ್ತೊಂಬತ್ತನೆಯ ಶತಮಾನದ ಜರ್ಮನಿಯ ರಸಾಯನ ವಿಜ್ಞಾನಿ ಯುಸ್ಟಸ್ ಫಾನ್ ಲೀಬಿಗ್‌ನ ಹೆಸರಿನಲ್ಲಿ ಪ್ರಚಾರಕ್ಕೆ ಬಂದ ಈ ನಿಯಮವನ್ನು ಅವನಿಗಿಂತ ಮೊದಲು ಕಾರ್ಲ್ ಸ್ಪ್ರೆಂಗೆಲ್ ಹೇಳಿದ್ದ. ಬೆಳೆಯ ಇಳುವರಿಯನ್ನು ನಿರ್ಧರಿಸುವುದು ಹೇರಳವಾಗಿರುವ ಪೋಷಕಾಂಶವಲ್ಲ, ಅತ್ಯಂತ ಕೊರತೆಯಿರುವ ಪೋಷಕಾಂಶ. ಸತುವಿನ ಕೊರತೆಯಿರುವ ಭತ್ತದ ಗದ್ದೆಗೆ ಯೂರಿಯಾ ಸುರಿದರೆ ಫಲವಿಲ್ಲ. ಹಳೆಯ ಕಂಪ್ಯೂಟರಿನಲ್ಲಿಯೂ ಮೊದಲು ತಿಳಿಯಬೇಕಾದುದು ಯಾವುದರ ಕೊರತೆ ಎಂಬುದನ್ನೇ.

ಎಷ್ಟೋ ವೇಳೆ ಕೊರತೆಯಿರುವುದು ಗ್ರಾಫಿಕ್ಸ್ ಕಾರ್ಡಿನದ್ದಲ್ಲ. ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಯಂತ್ರಕ್ಕೆ ಮರುಹುಟ್ಟು ಬರುತ್ತದೆ; ವಿದ್ಯುತ್ತಿನ ಬಳಕೆಯೂ ತಗ್ಗುತ್ತದೆ. ಪ್ರೊಸೆಸರಿನೊಳಗಿನ ಚಿತ್ರವಿಭಾಗಕ್ಕೆ ಸ್ವಂತ ಮೆಮೊರಿ ಇಲ್ಲ, ಅದು ಯಂತ್ರದ ರ್‍ಯಾಮನ್ನೇ ಹಂಚಿಕೊಳ್ಳುತ್ತದೆ. ರ್‍ಯಾಮಿನ ಒಂದೇ ಪಟ್ಟಿ ಇರುವಲ್ಲಿ ಅದಕ್ಕೆ ಸರಿಜೋಡಿಯಾದ ಇನ್ನೊಂದನ್ನು ಎರಡನೆಯ ಸಾಲಿನಲ್ಲಿ ಕೂಡಿಸಿದರೆ ಮೆಮೊರಿಯ ದಾರಿ ಎರಡು ಪಟ್ಟು ಅಗಲವಾಗುತ್ತದೆ. ಚಿತ್ರದ ವೇಗ ಆಗಲೇ ಕಣ್ಣಿಗೆ ಕಾಣುವಷ್ಟು ಏರುತ್ತದೆ. 2025ರ ಉತ್ತರಾರ್ಧದಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ ಹೊಸ ಮೆಮೊರಿಯ ಬೆಲೆ ಏರತೊಡಗಿತು. ಹಾಗಾಗಿ ಕೆಟ್ಟ ಯಂತ್ರಗಳಿಂದ ಕಳಚಿದ ಪಟ್ಟಿಗಳನ್ನು ಹುಡುಕುವುದು ಲೇಸು. ಊರಿನ ಜಲಾನಯನ ನಕ್ಷೆ, ಕಾನಿನ ಗಡಿ ನಕ್ಷೆ ಮಾಡಲು ಇಲ್ಲಿನ ವಿದ್ಯಾರ್ಥಿಗಳು ಬಳಸುವ ಕ್ಯೂಜಿಐಎಸ್ ತಂತ್ರಾಂಶ ಮುಖ್ಯವಾಗಿ ಬೇಡುವುದು ಪ್ರೊಸೆಸರು, ರ್‍ಯಾಮ್ ಮತ್ತು ಡಿಸ್ಕನ್ನು. ಅದಕ್ಕಾಗಿ ಪ್ರತ್ಯೇಕ ಕಾರ್ಡು ಕೊಳ್ಳುವುದು ದುಂದುವೆಚ್ಚ. ಎರಡು ಆಯಾಮದ ಸಾಧಾರಣ ಕ್ಯಾಡ್ ನಕ್ಷೆಗೂ ಇದೇ ಮಾತು. ಮೂರು ಆಯಾಮದ ಮಾದರಿ, ಬ್ಲೆಂಡರ್, ವೀಡಿಯೋ ಸಂಕಲನ, ಡ್ರೋನ್ ಚಿತ್ರಗಳನ್ನು ಹೊಲಿದು ಭೂಮಿಯ ಏರಿಳಿತ ತೆಗೆಯುವ ಕೆಲಸ: ಇಂಥವುಗಳಲ್ಲಿ ಕಾರ್ಡಿನ ಅಗತ್ಯ ನಿಜವಾಗಿಯೂ ಇದೆ. ಕಡೇಚೂರಿನ ವಿದ್ಯಾರ್ಥಿಯ ಅಗತ್ಯ ಈ ಎರಡನೆಯ ಗುಂಪಿಗೆ ಸೇರಿದ್ದು.

ಇನ್ನು ಪೆಟ್ಟಿಗೆಯನ್ನು ತೆರೆಯಬೇಕು. ಪವರ್ ಸಪ್ಲೈನ ಮೈಮೇಲೆ ಒಂದು ಚೀಟಿ ಅಂಟಿಸಿರುತ್ತದೆ. 240 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದುದನ್ನು ಓದಿ ತೃಪ್ತಿಪಡುವಂತಿಲ್ಲ. ಅದು ಎಲ್ಲ ವೋಲ್ಟೇಜುಗಳ ಒಟ್ಟು ಲೆಕ್ಕ. ಪ್ರೊಸೆಸರು ಮತ್ತು ಕಾರ್ಡು ಬಹುಮಟ್ಟಿಗೆ ಉಣ್ಣುವುದು 12 ವೋಲ್ಟಿನ ಸಾಲಿನಿಂದ. ಆ ಸಾಲಿನ ಎದುರು 16 ಆಂಪಿಯರ್ ಎಂದಿದ್ದರೆ, 12ನ್ನು 16ರಿಂದ ಗುಣಿಸಿದ 192 ವ್ಯಾಟೇ ನಿಜವಾದ ಬಂಡವಾಳ. ಇನ್ನು ಖರ್ಚು. ಇಂಟೆಲ್‌ನ ಆರನೆಯ ಪೀಳಿಗೆಯ ಐ5-6500 ಪ್ರೊಸೆಸರಿಗೆ ಕಂಪನಿ ನಮೂದಿಸಿದ ಉಷ್ಣಮಿತಿ 65 ವ್ಯಾಟ್. ನಾಲ್ಕನೆಯ ಪೀಳಿಗೆಯ ಐ5-4590ಕ್ಕೆ 84 ವ್ಯಾಟ್. ಮದರ್‌ಬೋರ್ಡು, ಡಿಸ್ಕು, ರ್‍ಯಾಮ್, ಪಂಖಗಳಿಗೆ 30 ವ್ಯಾಟ್ ಹಿಡಿಯಬಹುದು. ಮೊದಲನೆಯ ಯಂತ್ರದಲ್ಲಿ ಒಟ್ಟು 95 ಆಯಿತು. 75 ವ್ಯಾಟಿನ ಕಾರ್ಡು ಸೇರಿದರೆ 170. ಕಾಗದದ ಮೇಲೆ 240ಕ್ಕೆ ಇದು ಹೊರೆಯಲ್ಲ. 180ರ ಸಪ್ಲೈಗಾದರೆ ಉಸಿರಾಡಲೂ ಎಡೆಯಿಲ್ಲ.

ಕಾಗದಕ್ಕೂ ಕಡೇಚೂರಿಗೂ ವ್ಯತ್ಯಾಸವಿದೆ. ಹೊರಗೆ 43 ಡಿಗ್ರಿ ಇರುವ ಮಧ್ಯಾಹ್ನ, ತಗಡಿನ ಅಥವಾ ಆರ್‌ಸಿಸಿ ಛಾವಣಿಯ ಕೆಳಗಿನ ಇಕ್ಕಟ್ಟಾದ ಪೆಟ್ಟಿಗೆಯೊಳಗೆ 50 ಡಿಗ್ರಿ ದಾಟುವುದು ಕಷ್ಟವಲ್ಲ. ಪವರ್ ಸಪ್ಲೈನಲ್ಲಿರುವ ವಿದ್ಯುದ್ದ್ರಾವಣದ ಕೆಪಾಸಿಟರುಗಳ ಆಯುಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆಂಬುದು ವಿದ್ಯುನ್ಮಾನ ತಂತ್ರಜ್ಞರ ಕೈಲೆಕ್ಕ. ಕಚೇರಿಯ ಹವಾನಿಯಂತ್ರಿತ ಕೋಣೆಯಲ್ಲಿ ಎಂಟು ವರ್ಷ ದುಡಿದು ಬಂದ ಸಪ್ಲೈ ಈಗಾಗಲೇ ಮುಪ್ಪಾಗಿರುತ್ತದೆ. ಅದರ ಮೇಲೆ ಹತ್ತಿಯ ಸೀಮೆಯ ಧೂಳು. ಹತ್ತಿಯ ನವಿರಾದ ಎಳೆ ಪಂಖದ ಬಾಯಿಗೆ ಮೆತ್ತಿಕೊಂಡರೆ ಗಾಳಿಯ ಹರಿವು ಕೆಲವೇ ತಿಂಗಳಲ್ಲಿ ಕಟ್ಟಿಹೋಗುತ್ತದೆ. ಆದಕಾರಣ ಅಲ್ಲಿ 240ನ್ನು 240 ಎಂದು ಎಣಿಸದೆ, ಮೂರನೆಯ ಒಂದು ಭಾಗವನ್ನು ಬಿಸಿಲಿಗೂ ಮುಪ್ಪಿಗೂ ಕಳೆದು 160 ಎಂದು ತಿಳಿಯುವುದು ವಿವೇಕ. ಆಗ 75 ವ್ಯಾಟಿನ ಕಾರ್ಡು ಗೆರೆಯನ್ನು ಸ್ವಲ್ಪ ದಾಟುತ್ತದೆ, 53 ವ್ಯಾಟಿನದು ಒಳಗೆ ಉಳಿಯುತ್ತದೆ. ಇದು ಎಚ್ಚರಿಕೆಯ ಲೆಕ್ಕವೇ ಹೊರತು ಸಿದ್ಧಾಂತವಲ್ಲ. 75 ವ್ಯಾಟಿನ ಕಾರ್ಡನ್ನು ಇಂಥ ಯಂತ್ರಗಳಲ್ಲಿ ವರ್ಷಗಟ್ಟಲೆ ನಡೆಸಿದವರೂ ಇದ್ದಾರೆ.

ಕಾರ್ಡಿಗೆ ವಿದ್ಯುತ್ತು ಬರುವ ದಾರಿಯನ್ನೂ ಅರಿತಿರಬೇಕು. ಪಿಸಿಐ ಎಕ್ಸ್‌ಪ್ರೆಸ್ ಎಂಬ ಉದ್ದನೆಯ ಸ್ಲಾಟು ನಿಯಮದಂತೆ 75 ವ್ಯಾಟ್‌ವರೆಗೆ ಕೊಡಬಲ್ಲದು. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡುಗಳಿಗೆ ಸಪ್ಲೈನಿಂದ ನೇರವಾಗಿ 6 ಪಿನ್ನಿನ ಕೊಳವೆ ಬೇಕು, ಅದರ ಪಾಲು ಇನ್ನೊಂದು 75 ವ್ಯಾಟ್. 8 ಪಿನ್ನಿನದಾದರೆ 150. ಕಚೇರಿಯ ಪೆಟ್ಟಿಗೆಗಳಲ್ಲಿ ಈ ಪಿನ್ನುಗಳೇ ಇರುವುದಿಲ್ಲ. ಕೆಲವು ಕಿರು ಪೆಟ್ಟಿಗೆಗಳಲ್ಲಿ ಕಂಪನಿಯು ಸ್ಲಾಟಿನ ಮಿತಿಯನ್ನೂ 75ಕ್ಕಿಂತ ಬಹಳ ಕೆಳಗೆ ಇಟ್ಟಿರುತ್ತದೆ; ಅದನ್ನು ಆ ಮಾದರಿಯ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಅಂಗಡಿಗಳಲ್ಲಿ ಇದಕ್ಕೊಂದು ಅಡ್ಡದಾರಿ ಮಾರಾಟಕ್ಕಿದೆ. ಡಿಸ್ಕಿಗೆ ಹೋಗುವ ಸಾಟಾ ತಂತಿಯನ್ನು 6 ಪಿನ್ನಿಗೆ ತಿರುಗಿಸುವ ಅಗ್ಗದ ಜೋಡಣೆ. ಸಾಟಾ ಕೊಂಡಿಯಲ್ಲಿ 12 ವೋಲ್ಟಿಗೆ ಮೂರು ಪಿನ್ನುಗಳಿವೆ, ಒಂದೊಂದರ ಮಿತಿ 1.5 ಆಂಪಿಯರ್, ಒಟ್ಟು 54 ವ್ಯಾಟ್. ಅದರಿಂದ 75 ವ್ಯಾಟ್ ಎಳೆದರೆ ಕೊಂಡಿಯ ಪ್ಲಾಸ್ಟಿಕ್ಕು ಕರಗುತ್ತದೆ, ಬೆಂಕಿ ಹತ್ತುವುದೂ ಉಂಟು. ಮನೆಯ ದೀಪದ ತಂತಿಯಿಂದ ತೋಟದ ಪಂಪ್‌ಸೆಟ್ಟಿಗೆ ಸಂಪರ್ಕ ಕೊಡುವ ಸಾಹಸವನ್ನು ಯಾವ ರೈತನೂ ಮಾಡಲಾರ. ಆ ಜೋಡಣೆಯನ್ನು ಮಾತ್ರ ಓದಿದವರೂ ಕೊಳ್ಳುತ್ತಾರೆ.

ಸಪ್ಲೈಯನ್ನೇ ಬದಲಿಸಬಾರದೇ ಎಂಬ ಪ್ರಶ್ನೆ ಸಹಜ. ಸಾಮಾನ್ಯ ಕಂಪ್ಯೂಟರಿನಲ್ಲಿ ಅದು ಸುಲಭ. ಕಂಪನಿ ಜೋಡಿಸಿದ ಪೆಟ್ಟಿಗೆಗಳಲ್ಲಿ ಹಲವಕ್ಕೆ ಮಾರುಕಟ್ಟೆಯ 24 ಪಿನ್ನಿನ ಸಪ್ಲೈ ಹೊಂದುವುದಿಲ್ಲ. ಕೊಂಡಿಯೂ ಬೇರೆ, ಆಕಾರವೂ ಬೇರೆ. ಬಿಡಿಭಾಗವನ್ನು ತನ್ನಲ್ಲಿಯೇ ಕೊಳ್ಳಬೇಕೆಂಬ ಕಂಪನಿಗಳ ಈ ಧೋರಣೆ ಪರಿಸರದ ದೃಷ್ಟಿಯಿಂದ ಖಂಡನೀಯ. ಒಂದು ಸಣ್ಣ ಕೊಂಡಿಯ ಆಕಾರದಿಂದಾಗಿ ಇಡೀ ಯಂತ್ರ ಕಸವಾಗುತ್ತದೆ.

ಹೀಗೆ ಎಲ್ಲ ದಾರಿಗಳೂ ಒಂದೇ ಕಡೆಗೆ ಬಂದು ಸೇರುತ್ತವೆ: ಪಿನ್ನಿಲ್ಲದ, 75 ವ್ಯಾಟ್ ಮೀರದ ಕಾರ್ಡು. ಕಿರು ಪೆಟ್ಟಿಗೆಯಾದರೆ ಅರ್ಧ ಎತ್ತರದ್ದು, ಅದಕ್ಕೆ ತಕ್ಕ ಮೋಟು ಲೋಹಪಟ್ಟಿಯೊಡನೆ. 2017ರಲ್ಲಿ ಬಂದ ಎನ್‌ವಿಡಿಯಾದ ಜಿಟಿ 1030 ಕೇವಲ 30 ವ್ಯಾಟ್ ಉಣ್ಣುತ್ತದೆ. ಅದೇ ಹೆಸರಿನಲ್ಲಿ 2018ರಲ್ಲಿ ಡಿಡಿಆರ್4 ಮೆಮೊರಿಯ ಇನ್ನೊಂದು ಕಾರ್ಡು ಬಂದಿತು. ವೇಗ ತೀರ ಕಡಿಮೆ. ಹೆಸರು ಒಂದೇ ಆದುದರಿಂದ ಮೋಸಹೋಗುವವರು ಹೆಚ್ಚು. 2016ರ ಜಿಟಿಎಕ್ಸ್ 1050 ಟಿಐ ಮತ್ತು 2019ರ ಜಿಟಿಎಕ್ಸ್ 1650 ಎರಡರ ಮಿತಿಯೂ 75 ವ್ಯಾಟ್, ಎರಡರಲ್ಲೂ 4 ಜಿಬಿ ಮೆಮೊರಿ. ಆದರೆ 1650ರ ಕೆಲವು ಮಾದರಿಗಳಿಗೆ 6 ಪಿನ್ನು ಬೇಕು, ಕೊಳ್ಳುವಾಗ ಕಾರ್ಡಿನ ತುದಿಯನ್ನು ಕಣ್ಣಾರೆ ನೋಡಬೇಕು. ಈ ಎರಡರ ನಡುವೆ ಆಯ್ಕೆ ಮಾಡಲು ಈಗ ಒಂದು ಸ್ಪಷ್ಟ ಕಾರಣವೂ ಇದೆ. 2025ರಲ್ಲಿ ಎನ್‌ವಿಡಿಯಾ 10ನೆಯ ಸರಣಿಯ ಕಾರ್ಡುಗಳಿಗೆ ಹೊಸ ಚಾಲಕ ತಂತ್ರಾಂಶಗಳನ್ನು ನಿಲ್ಲಿಸಿ, ಭದ್ರತೆಯ ತಿದ್ದುಪಡಿಗಳನ್ನು ಮಾತ್ರ ಉಳಿಸಿಕೊಂಡಿತು. ಲಿನಕ್ಸಿನಲ್ಲಿ 580ನೆಯ ಆವೃತ್ತಿಯೇ ಅವುಗಳಿಗೆ ಕೊನೆ. 1030 ಮತ್ತು 1050 ಟಿಐ ಆ ಗುಂಪಿನವು, 1650 ಅಲ್ಲ. 2022ರಲ್ಲಿ ಬಂದ ಎಎಂಡಿಯ ಆರ್‌ಎಕ್ಸ್ 6400ಕ್ಕೆ 53 ವ್ಯಾಟ್ ಸಾಕು. ಲಿನಕ್ಸಿನಲ್ಲಿ ಅದರ ಚಾಲಕ ತಂತ್ರಾಂಶ ಮುಕ್ತವಾಗಿ ಒದಗುತ್ತದೆ. ಅದರ ಕೊರತೆ ಬೇರೆ ಬಗೆಯದು: ಸ್ಲಾಟಿನ ಹದಿನಾರು ಸಾಲುಗಳಲ್ಲಿ ನಾಲ್ಕನ್ನು ಮಾತ್ರ ಅದು ಬಳಸುತ್ತದೆ. ಹೊಸ ಯಂತ್ರದಲ್ಲಿ ಇದು ತೋರುವುದಿಲ್ಲ, ಹಳೆಯ ಮೂರನೆಯ ಪೀಳಿಗೆಯ ಸ್ಲಾಟಿನಲ್ಲಿ ದಾರಿ ಅರ್ಧಕ್ಕೆ ಇಳಿಯುತ್ತದೆ. ವೀಡಿಯೋ ಸಂಕುಚಿಸುವ ಯಂತ್ರಾಂಶವೂ ಅದರಲ್ಲಿಲ್ಲ. ವೀಡಿಯೋ ಸಂಕಲನವೇ ಗುರಿಯಾಗಿದ್ದರೆ ಅದು ಬೇಡ. 2024ರ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ 70 ವ್ಯಾಟಿನಲ್ಲಿ ಇವೆಲ್ಲಕ್ಕಿಂತ ಮುಂದಿದೆ. ಬೆಲೆಯೂ ಮುಂದಿದೆ, ಹಳೆಯ ಯಂತ್ರದ ಬೆಲೆಗಿಂತ ಕಾರ್ಡಿನ ಬೆಲೆ ಹೆಚ್ಚಾದಾಗ ಎತ್ತಿಗಿಂತ ನೊಗ ದುಬಾರಿಯಾದಂತೆ. ಕಡೇಚೂರಿನ ಲೆಕ್ಕಕ್ಕೆ, ಬಳಸಿದ 1650 ಸಿಕ್ಕರೆ ಅದೇ ಸರಿ. ಅದರ ಶಕ್ತಿಮಿತಿಯನ್ನು ಬೇಸಿಗೆಯಲ್ಲಿ ಕೆಳಗಿಳಿಸುವ ಉಪಾಯವನ್ನು ಮುಂದೆ ಹೇಳಲಾಗುವುದು.

ಬಳಸಿದ ಕಾರ್ಡು ಕೊಳ್ಳುವಾಗಿನ ಒಂದು ಸಂಶಯವನ್ನೂ ಇಲ್ಲಿಯೇ ಪರಿಹರಿಸಬಹುದು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಗೂಢನಾಣ್ಯವು ಕಾರ್ಡುಗಳಿಂದ ‘ಗಣಿ’ ತೋಡುವ ಪದ್ಧತಿಯನ್ನು ಕೈಬಿಟ್ಟಾಗ, ಹಗಲಿರುಳು ಉರಿದ ಕಾರ್ಡುಗಳು ರಾಶಿಯಾಗಿ ಮಾರುಕಟ್ಟೆಗೆ ಬಂದವು. ಬಳ್ಳಾರಿಯ ಗಣಿ ಕಂಡ ನಾಡಿಗೆ ಗಣಿ ಎಂಬ ಈ ಹೆಸರು ಹೊಂದುವಂತೆಯೇ ಇದೆ. 75 ವ್ಯಾಟಿನ ಸಣ್ಣ ಕಾರ್ಡುಗಳು ಆ ದಂಧೆಗೆ ಅಷ್ಟಾಗಿ ಬಳಕೆಯಾಗಲಿಲ್ಲ. ಆದರೂ ಪಂಖ ಸದ್ದಿಲ್ಲದೆ ತಿರುಗುವುದೇ, ಅರ್ಧ ಗಂಟೆ ಭಾರ ಹೊರಿಸಿದಾಗ ಪರದೆಯಲ್ಲಿ ಕಲೆ ಮೂಡುವುದೇ ಎಂದು ಅಂಗಡಿಯಲ್ಲಿಯೇ ನೋಡಿಕೊಳ್ಳಬೇಕು.

ಸಿಕ್ಕಿಸುವ ಕೆಲಸ ಹತ್ತು ನಿಮಿಷದ್ದು. ಮೊದಲು ಮದರ್‌ಬೋರ್ಡಿನ ಬಯೋಸನ್ನು ಹೊಸದಾಗಿಸಿಕೊಳ್ಳಬೇಕು, ಏಕೆಂದರೆ ಹಳೆಯ ಬಯೋಸು ಹೊಸ ಕಾರ್ಡನ್ನು ಗುರುತಿಸದೆ ಪರದೆ ಕಪ್ಪಾಗಿಯೇ ಉಳಿಯುವುದುಂಟು. ತಂತಿ ಕಿತ್ತು, ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದು, ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಇಳಿಸಿಕೊಂಡು ಕೈಹಾಕಬೇಕು. ಬಯಲುಸೀಮೆಯ ಒಣಹವೆಯಲ್ಲಿ ಈ ಎಚ್ಚರಿಕೆ ಇಲ್ಲಿಗಿಂತ ಹೆಚ್ಚು ಅಗತ್ಯ. ಪರದೆಯ ತಂತಿಯನ್ನು ಹೊಸ ಕಾರ್ಡಿಗೆ ಬದಲಿಸಲು ಮರೆತು, ಕಾರ್ಡೇ ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸಿದವರ ಸಂಖ್ಯೆ ಸಣ್ಣದಲ್ಲ.

ಮಲೆನಾಡಿನಲ್ಲಿ ಶತ್ರು ಬಿಸಿಲಲ್ಲ. ತೇವ, ಇರುವೆ ಮತ್ತು ಸಿಡಿಲು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮುಚ್ಚಿಟ್ಟ ಯಂತ್ರಕ್ಕಿಂತ ದಿನವೂ ಒಂದಷ್ಟು ಹೊತ್ತು ನಡೆಯುವ ಯಂತ್ರ ಚೆನ್ನಾಗಿ ಬಾಳುತ್ತದೆ, ಅದರ ಒಳಗಿನ ಬೆಚ್ಚಗೆ ತೇವವನ್ನು ಹೊರಗಿಡುತ್ತದೆ. ಏಪ್ರಿಲ್–ಮೇ ತಿಂಗಳ ಗುಡುಗುಮಳೆಯಲ್ಲಿ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೂ ಇಂಟರ್‌ನೆಟ್ಟಿನ ತಂತಿಯನ್ನೂ ಕೀಳಬೇಕು. ಅರ್ಥಿಂಗ್ ಎರಡೂ ಸೀಮೆಗಳಲ್ಲಿ ಅಲಕ್ಷ್ಯಕ್ಕೆ ಗುರಿಯಾದ ಸಂಗತಿ. ನೀರು ಬೇಗ ಬಸಿದುಹೋಗುವ ಜಂಬಿಟ್ಟಿಗೆ ಮಣ್ಣು ಬೇಸಿಗೆಯಲ್ಲಿ ವಿದ್ಯುತ್ತಿಗೆ ದಾರಿ ಕೊಡುವುದಿಲ್ಲ. ಎರೆಮಣ್ಣು ತೇವವಿದ್ದಾಗ ಅತ್ಯುತ್ತಮ ವಾಹಕ, ಆದರೆ ಒಣಗಿ ಬಿರುಕು ಬಿಟ್ಟಾಗ ಸರಳಿನಿಂದ ದೂರ ಸರಿದು ನಿಲ್ಲುತ್ತದೆ. ಎರಡಕ್ಕೂ ಮದ್ದು ಒಂದೇ, ಗುಂಡಿಗೆ ಇದ್ದಿಲು ಉಪ್ಪು ತುಂಬಿ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಹಾಕುವುದು.

ವಿದ್ಯುತ್ತು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯನ್ನು ಈ ಸಭೆ ಕೇಳದೆ ಬಿಡುವುದಿಲ್ಲ. 1964ರ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಕಡೇಚೂರಿನ ದಕ್ಷಿಣಕ್ಕೆ, ಕೃಷ್ಣೆಯ ಆಚೆ ದಡದ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಸುತ್ತ ಬಂದ ರಾಯಚೂರು ಶಾಖೋತ್ಪನ್ನ ಕೇಂದ್ರದ್ದು 1,720. ಎರಡೂ ಒಂದೇ ಜಾಲಕ್ಕೆ ಹರಿಯುತ್ತವೆ. ದೇಶದ ಜಾಲದ ಸರಾಸರಿಯಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. 75 ವ್ಯಾಟಿನ ಕಾರ್ಡು ದಿನಕ್ಕೆ 4 ಗಂಟೆಯಂತೆ ವರ್ಷಕ್ಕೆ 300 ದಿನ ಪೂರ್ಣ ಭಾರದಲ್ಲಿ ನಡೆದರೆ 90 ಯೂನಿಟ್, ಅಂದರೆ 63 ಕಿಲೋಗ್ರಾಂ. 30 ವ್ಯಾಟಿನದಾದರೆ 36 ಯೂನಿಟ್, 25 ಕಿಲೋಗ್ರಾಂ. ಸಪ್ಲೈನಲ್ಲಿ ಸೋರುವುದನ್ನು ಸೇರಿಸಿದರೆ ಅಂಕಿ ತುಸು ಏರುತ್ತದೆ. ಆಟವಾಡುವವರು ಕೊಳ್ಳುವ 300 ವ್ಯಾಟಿನ ಕಾರ್ಡಿಗೆ ಇದೇ ಲೆಕ್ಕ ಹಾಕುವ ಶ್ರಮವನ್ನು ವಿದ್ಯಾರ್ಥಿಗಳಿಗೇ ಬಿಡಲಾಗಿದೆ.

ಜೆಸ್ಕಾಂನ ತಂತಿಯಲ್ಲಿ ವಿದ್ಯುತ್ತು ಹೋದಾಗ ಇನ್ವರ್ಟರೇ ಗತಿ. 150 ಆಂಪಿಯರ್-ಗಂಟೆಯ 12 ವೋಲ್ಟ್ ಬ್ಯಾಟರಿಯಲ್ಲಿ ಹೆಸರಿಗೆ 1,800 ವ್ಯಾಟ್-ಗಂಟೆ ಇದೆ. ಬ್ಯಾಟರಿ ಬಾಳಬೇಕಾದರೆ ಅರ್ಧವನ್ನಷ್ಟೇ ಬಳಸಬೇಕು, ಅದರಲ್ಲಿ ಐದನೆಯ ಒಂದು ಭಾಗ ಇನ್ವರ್ಟರಿನಲ್ಲಿ ಕಳೆಯುತ್ತದೆ. ಕೈಗೆ ಬರುವುದು 720. ನೂರು ವ್ಯಾಟಿನ ಯಂತ್ರ ಇದರಲ್ಲಿ ಏಳು ಗಂಟೆ ನಡೆಯುತ್ತದೆ, ಕಾರ್ಡು ಸೇರಿ 170 ಆದಾಗ ನಾಲ್ಕು ಗಂಟೆಗೆ ಸ್ವಲ್ಪ ಮೇಲೆ. ಅಗ್ಗದ ಚೌಕಅಲೆಯ ಇನ್ವರ್ಟರಿನಲ್ಲಿ ಕೆಲವು ಸಪ್ಲೈಗಳು ಮುನಿಸಿಕೊಂಡು ಆರಿಹೋಗುತ್ತವೆ. ಅಂಥಲ್ಲಿ ಸೈನ್ ಅಲೆಯದೇ ಬೇಕು.

ಮೇಲೆ ಹೇಳಿದ ಉಪಾಯ ಇದು. ಕಾರ್ಡಿನ ಶಕ್ತಿಮಿತಿಯನ್ನು ತಂತ್ರಾಂಶದಿಂದಲೇ ತಗ್ಗಿಸಬಹುದು. ಕೆಲವು ಮಾದರಿಗಳಲ್ಲಿ ತಯಾರಕರು ಇದನ್ನು ಬಂದ್ ಮಾಡಿರುತ್ತಾರೆ. ಆಗ ಕ್ಷಣಕ್ಕೆ ಮೂಡುವ ಚಿತ್ರಗಳ ಸಂಖ್ಯೆಯನ್ನು 60ಕ್ಕೋ 30ಕ್ಕೋ ಕಟ್ಟಿಹಾಕಿದರೂ ಫಲ ಸಿಗುತ್ತದೆ. ನಕ್ಷೆಯನ್ನು ತಿರುಗಿಸಿ ನೋಡುವವನಿಗೆ ಕ್ಷಣಕ್ಕೆ 200 ಚಿತ್ರಗಳಿಂದ ಪ್ರಯೋಜನವಿಲ್ಲ. ಕೊನೆಯ ಕಾಲುಭಾಗ ವೇಗಕ್ಕಾಗಿ ಕಾರ್ಡು ತನ್ನ ಪಾಲಿಗಿಂತ ಹೆಚ್ಚು ವಿದ್ಯುತ್ತು ನುಂಗುತ್ತದೆ. ಕೊನೆಯ ಮೂಟೆ ಗೊಬ್ಬರದಿಂದ ಬರುವ ಇಳುವರಿಯ ಏರಿಕೆಯಂತೆಯೇ ಅದು. ಆದುದರಿಂದ ಮಿತಿ ತಗ್ಗಿಸಿದಾಗ ವೇಗದ ನಷ್ಟ ಅಷ್ಟು ಪ್ರಮಾಣದಲ್ಲಿ ಇರುವುದಿಲ್ಲ.

ಹೊರತೆಗೆದ ಹಳೆಯ ಡಿಸ್ಕು, ಸುಟ್ಟ ಸಪ್ಲೈಗಳನ್ನು ತಿಪ್ಪೆಗೆ ಎಸೆಯುವಂತಿಲ್ಲ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ನೋಂದಾಯಿತ ಮರುಬಳಕೆದಾರರಿಗೇ ಅವು ತಲುಪಬೇಕು. ತಾಲ್ಲೂಕು ಕೇಂದ್ರಗಳಲ್ಲಿ ಅಂಥವರು ಸಿಗುವುದು ವಿರಳ. ಊರಿನ ಶಾಲೆಯಲ್ಲೋ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲೋ ಒಂದು ಪೆಟ್ಟಿಗೆ ಇಟ್ಟು, ತುಂಬಿದಾಗ ಒಟ್ಟಿಗೆ ಕಳುಹಿಸಬಹುದು.

ದೀರ್ಘ ಕೆಲಸಗಳನ್ನು ಯಾವ ಹೊತ್ತಿನಲ್ಲಿ ಹಚ್ಚಬೇಕೆಂಬುದು ಮಾತ್ರ ಬಗೆಹರಿಯದೆ ಉಳಿಯುತ್ತದೆ. ಪಾವಗಡದಂತಹ ಸೌರ ಸ್ಥಾವರಗಳಿಂದಾಗಿ ಕರ್ನಾಟಕದ ಜಾಲದಲ್ಲಿ ಶುದ್ಧ ವಿದ್ಯುತ್ತು ಹೆಚ್ಚಾಗಿ ಹರಿಯುವುದು ನಡುಹಗಲಿನಲ್ಲಿ. ಕಡೇಚೂರಿನ ಪೆಟ್ಟಿಗೆ ಕಾದು ಕೆಂಡವಾಗುವುದೂ ಅದೇ ನಡುಹಗಲಿನಲ್ಲಿ. ನವೆಂಬರಿನಿಂದ ಫೆಬ್ರವರಿಯವರೆಗೆ ಹಗಲು, ಮಾರ್ಚಿಯಿಂದ ಮುಂಗಾರು ಹಿಡಿಯುವವರೆಗೆ ಬೆಳಗಿನ ನಾಲ್ಕರಿಂದ ಎಂಟು ಗಂಟೆ; ಅಲ್ಲಿನ ವಿದ್ಯಾರ್ಥಿಗೆ ಸದ್ಯಕ್ಕೆ ಹೇಳಬಹುದಾದುದು ಇಷ್ಟು.